ಮುಖಪುಟ ಯಾರನ್ನು ಕರೆಯುತ್ತದೆ: ಮಾವನ ಮನೆಯ ಮೂರು ಸಂಗೀತ ಪತ್ರಿಕೆಗಳು

ನನ್ನ ಸೋದರಮಾವ ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ವೈದ್ಯರಾಗಿದ್ದು, ನಿವೃತ್ತಿಯ ನಂತರ ಮೈಸೂರಿಗೆ ಹಿಂದಿರುಗಿದವರು. ಅವರು ಹಡಗಿನಲ್ಲಿ ತರಿಸಿಕೊಂಡ ಸಾಮಾನಿನಲ್ಲಿ ಮೂರು ರಟ್ಟಿನ ಪೆಟ್ಟಿಗೆಗಳಿದ್ದವು. ಇಷ್ಟು ವರ್ಷವೂ ಅವು ಅಟ್ಟದ ಮೇಲೆಯೇ ಕುಳಿತಿದ್ದವು. ಕಳೆದ ತಿಂಗಳು ಅಟ್ಟ ಶುಚಿ ಮಾಡಿಸುವಾಗ ಅತ್ತೆ ಫೋನ್ ಮಾಡಿ, ‘ನೀನು ಪತ್ರಿಕೆ ಕೆಲಸದವನು, ಬೇಕಿದ್ದರೆ ಬಂದು ತೊಗೊಂಡು ಹೋಗಪ್ಪ, ಇಲ್ಲದಿದ್ದರೆ ಹಳೇ ಪೇಪರಿನವನಿಗೆ ಹಾಕಿಬಿಡ್ತೀನಿ’ ಎಂದರು. ಒಂದು ಪೆಟ್ಟಿಗೆಯ ಮೇಲೆ ಮಾವನ ಮಗಳ ಹೆಸರಿತ್ತು, ಇನ್ನೊಂದರ ಮೇಲೆ ಮಗನ ಹೆಸರು. ಮೂರನೆಯದರ ಮೇಲೆ ಮಾವನ ಕೈಬರಹದಲ್ಲಿ ‘ನನ್ನವು’ ಎಂದಷ್ಟೇ ಇತ್ತು. ತೆರೆದು ನೋಡಿದರೆ ಮಗಳ ಪೆಟ್ಟಿಗೆಯ ತುಂಬ ‘ಸ್ಮ್ಯಾಶ್ ಹಿಟ್ಸ್’, ಮಗನದರಲ್ಲಿ ‘ಕೆರಾಂಗ್!’, ಮಾವನದರಲ್ಲಿ ‘ಕ್ಯೂ’.

ನಾನು ಇಪ್ಪತ್ತೆರಡು ವರ್ಷಗಳಿಂದ ಕನ್ನಡದ ವಾರಪತ್ರಿಕೆ, ಮಾಸಪತ್ರಿಕೆಗಳಿಗೆ ಪುಟವಿನ್ಯಾಸ ಮಾಡುತ್ತ ಬಂದವನು. ಈ ಮೂರೂ ಪತ್ರಿಕೆಗಳ ಹೆಸರು ಬಲ್ಲೆ, ಕೆಲವು ಮುಖಪುಟಗಳನ್ನೂ ನೋಡಿದ್ದೆ. ಆದರೆ ಒಂದೇ ಮನೆಯವರು, ಒಂದೇ ಬೀದಿಯ ಪೇಪರ್ ಅಂಗಡಿಯಿಂದ, ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಕೊಂಡು ತಂದ ಪ್ರತಿಗಳನ್ನು ಹೀಗೆ ನೆಲದ ಮೇಲೆ ಹರಡಿಕೊಂಡು ನೋಡುವ ಅವಕಾಶ ಎಂದೂ ಸಿಕ್ಕಿರಲಿಲ್ಲ. ಮೂರೂ ಸಂಗೀತದ ಪತ್ರಿಕೆಗಳೇ. ಆದರೂ ಒಬ್ಬರದ್ದನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲವಂತೆ. ‘ಊಟಕ್ಕೆ ಕೂತರೆ ಎಲ್ಲರಿಗೂ ಒಂದೇ ಸಾರು, ಓದೋಕ್ಕೆ ಕೂತರೆ ಮೂರು ಮೂಲೆ’ ಎಂದರು ಅತ್ತೆ. ಆ ಮೂರು ಮೂಲೆಯಲ್ಲಿ ಕುಳಿತವರನ್ನು ಮೂರು ಪತ್ರಿಕೆಗಳ ವಿನ್ಯಾಸಕಾರರು ಎಷ್ಟು ನಿಖರವಾಗಿ ಗುರುತಿಸಿದ್ದರು ಎಂಬುದು ಪುಟ ತಿರುವುತ್ತ ಹೋದಂತೆ ನನಗೆ ಬೆರಗು ಹುಟ್ಟಿಸಿತು.

ಸಂಗೀತ ಪತ್ರಿಕೆಗೆ ಬೇರೆ ಪತ್ರಿಕೆಗಳಿಗಿಲ್ಲದ ಒಂದು ಕಷ್ಟವಿದೆ. ಅಡುಗೆಯ ಪತ್ರಿಕೆ ಮುಖಪುಟದಲ್ಲಿ ಹೋಳಿಗೆಯನ್ನೇ ತೋರಿಸಬಹುದು, ಸೀರೆಯ ಪತ್ರಿಕೆ ಸೀರೆಯ ಸೆರಗನ್ನೇ ಹಾಸಬಹುದು, ಆದರೆ ಸಂಗೀತದ ಪತ್ರಿಕೆ ತಾನು ಮಾತಾಡುತ್ತಿರುವ ವಸ್ತುವನ್ನು ತೋರಿಸಲಾರದು. ಕಾಗದಕ್ಕೆ ದನಿಯಿಲ್ಲ. ಕಣ್ಣು ಮುಚ್ಚಿ ಹಾಡುತ್ತಿರುವ ಒಬ್ಬನ ಚಿತ್ರ ನೋಡಿದರೆ ಅವನು ಹಾಡುತ್ತಿರುವುದು ಲಾಲಿಯೋ ಲಾವಣಿಯೋ ತಿಳಿಯುವುದಿಲ್ಲ. ಆದ್ದರಿಂದ ಅಕ್ಷರದ ಆಕಾರ, ಬಣ್ಣ, ಕಾಗದದ ನುಣುಪು, ಚಿತ್ರಗಳ ದಟ್ಟಣೆ ಅಥವಾ ಬಿಡುವು, ಇವೆಲ್ಲ ಸೇರಿ ಆ ಸದ್ದಿನ ಜಾಡನ್ನು ಹಿಡಿದುಕೊಡಬೇಕಾಗುತ್ತದೆ. ಅಂಗಡಿಯ ಮುಂದೆ ನಿಂತವರೂ ಅಲ್ಲಿ ಹಾಡನ್ನು ಆರಿಸುತ್ತಿರುವುದಿಲ್ಲ. ಯಾರ ಗುಂಪಿನಲ್ಲಿ ತಾವಿರಬೇಕು ಎಂಬುದನ್ನು ಆರಿಸುತ್ತಿರುತ್ತಾರೆ. ಮುಖಪುಟ ‘ನೀನು ನಮ್ಮವನು’ ಎಂದು ಒಬ್ಬನಿಗೆ ಹೇಳಬೇಕಾದರೆ ‘ಇದು ನಿಮಗಲ್ಲ’ ಎಂದು ಪಕ್ಕದಲ್ಲಿ ನಿಂತವರಿಗೆ ಅಷ್ಟೇ ಸ್ಪಷ್ಟವಾಗಿ ಹೇಳಬೇಕಾಗುತ್ತದೆ, ಮತ್ತು ಈ ಎರಡನೆಯ ಮಾತನ್ನು ಹೇಳುವ ಧೈರ್ಯ ಬಹಳ ಪತ್ರಿಕೆಗಳಿಗೆ ಇರುವುದಿಲ್ಲ.

ಆ ಧೈರ್ಯ ಬ್ರಿಟನ್ನಿನ ಪತ್ರಿಕೆಗಳಿಗೆ ಬರಲು ಅಲ್ಲಿನ ಸ್ಪರ್ಧೆಯೂ ಕಾರಣ. ನಮ್ಮ ಬಸ್ ನಿಲ್ದಾಣದ ಅಂಗಡಿಗಳಲ್ಲಿ ಪತ್ರಿಕೆಗಳನ್ನು ಹಗ್ಗಕ್ಕೆ ಕ್ಲಿಪ್ ಹಾಕಿ ತೂಗುಹಾಕುತ್ತಾರೆ. ಮುಖಪುಟ ಪೂರ್ತಿ ಕಾಣುತ್ತದೆ. ಅಲ್ಲಿನ ಅಂಗಡಿಯ ಕಪಾಟಿನಲ್ಲಿ ಒಂದರ ಮೇಲೊಂದು ಅರ್ಧ ಮುಚ್ಚುವಂತೆ ಜೋಡಿಸಿದಾಗ ಎಷ್ಟೋ ಪತ್ರಿಕೆಗಳ ಎಡಭಾಗದ ಒಂದು ಪಟ್ಟಿ ಮಾತ್ರ ಹೊರಗುಳಿಯುತ್ತದೆ. ಆದ್ದರಿಂದ ಪತ್ರಿಕೆಯ ಹೆಸರು, ಬಣ್ಣ, ಸಾಧ್ಯವಾದರೆ ಕಲಾವಿದನ ಒಂದು ಕಣ್ಣಾದರೂ ಆ ಪಟ್ಟಿಯಲ್ಲಿ ಬರುವಂತೆ ವಿನ್ಯಾಸಕಾರರು ನೋಡಿಕೊಳ್ಳುತ್ತಾರೆ. ಕಲಾವಿದ ನೇರವಾಗಿ ನೋಡುವವನ ಕಣ್ಣಿಗೆ ಕಣ್ಣು ಕೊಟ್ಟಿರಬೇಕು ಎಂಬ ನಿಯಮವೂ ಹೀಗೆಯೇ ಬಂದದ್ದು.

‘ಸ್ಮ್ಯಾಶ್ ಹಿಟ್ಸ್’ ಹುಟ್ಟಿದ್ದು 1978ರಲ್ಲಿ. ಅಲ್ಲಿಯವರೆಗೆ ಬ್ರಿಟನ್ನಿನ ಪಾಪ್ ಸಂಗೀತದ ಓದು ಎಂದರೆ ಮುಖ್ಯವಾಗಿ ವಾರಕ್ಕೊಮ್ಮೆ ನ್ಯೂಸ್‌ಪ್ರಿಂಟಿನಲ್ಲಿ ಬರುತ್ತಿದ್ದ ‘ಮೆಲೊಡಿ ಮೇಕರ್’, ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’, ‘ಸೌಂಡ್ಸ್’ ಮುಂತಾದವು. ಓದಿ ಮುಗಿಸುವಷ್ಟರಲ್ಲಿ ಬೆರಳೆಲ್ಲ ಮಸಿಯಾಗುತ್ತಿದ್ದುದರಿಂದ ಜನ ಅವುಗಳನ್ನು ‘ಇಂಕೀಸ್’ ಎಂದೇ ಕರೆಯುತ್ತಿದ್ದರು. ಆ ಮಸಿಗೂ ಒಂದು ಘನತೆಯಿತ್ತು ಎನ್ನುವುದನ್ನು ಒಪ್ಪಬೇಕು. ಪೆನ್ನಿ ಸ್ಮಿತ್ ಅವರಂಥ ಛಾಯಾಗ್ರಾಹಕರ ಕಪ್ಪುಬಿಳುಪು ಚಿತ್ರಗಳು, ಸಣ್ಣ ಅಕ್ಷರದ ಉದ್ದನೆಯ ಲೇಖನಗಳು, ವಾದವಿವಾದ, ಇವೆಲ್ಲ ಕಾಲೇಜು ವಯಸ್ಸಿನ ಹುಡುಗರನ್ನು ಹಿಡಿದಿಟ್ಟಿದ್ದವು. ಆದರೆ ಹನ್ನೆರಡು ವರ್ಷದ ಹುಡುಗಿಗೆ ಅಲ್ಲಿ ಕುಳಿತುಕೊಳ್ಳಲು ಜಾಗವಿರಲಿಲ್ಲ. ಇದನ್ನು ಕಂಡುಕೊಂಡವರು ನಿಕ್ ಲೋಗನ್. ಅವರು ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ನ ಸಂಪಾದಕರಾಗಿದ್ದು ಅದನ್ನು ಬಿಟ್ಟು ಬಂದವರು ಎಂಬುದು ಗಮನಿಸಬೇಕಾದ ಸಂಗತಿ, ಒಳಗಿದ್ದವರಿಗೇ ಹೊರಗುಳಿದವರು ಯಾರೆಂದು ತಿಳಿಯುವುದು.

ಮಾವನ ಮಗಳ ಪೆಟ್ಟಿಗೆಯಿಂದ 1980ರ ದಶಕದ ನಡುವಿನ ಒಂದು ಸಂಚಿಕೆ ತೆಗೆದು ಮುಂದಿಟ್ಟುಕೊಂಡಿದ್ದೇನೆ. ಕಾಗದ ಹೊಳೆಯುತ್ತದೆ. ಹಳದಿ, ಗುಲಾಬಿ, ಆಕಾಶನೀಲಿ ಒಂದರ ಮಗ್ಗುಲಲ್ಲಿ ಒಂದು ನಿಂತಿವೆ; ನಮ್ಮ ಜಾತ್ರೆಯ ಬಳೆಯಂಗಡಿಯ ಹಾಗೆ. ಪುಟ ತಿರುವಿದರೆ ಆ ಹದಿನೈದು ದಿನದ ಜನಪ್ರಿಯ ಹಾಡುಗಳ ಸಾಹಿತ್ಯವನ್ನು ಪೂರ್ತಿಯಾಗಿ, ಗಾಯಕರ ಬಣ್ಣದ ಚಿತ್ರದ ಮೇಲೆ ಅಥವಾ ಪಕ್ಕದಲ್ಲಿ, ಚರಣ ಚರಣವಾಗಿ ಬಿಡಿಸಿ ಮುದ್ರಿಸಿದ್ದಾರೆ. ಈ ಹಾಡಿನ ಪುಟಗಳೇ ಪತ್ರಿಕೆಯ ಜೀವ. ರೇಡಿಯೋದಲ್ಲಿ ಕೇಳಿ ಅರ್ಧಂಬರ್ಧ ಹಿಡಿದ ಸಾಲನ್ನು ಸರಿಯಾಗಿ ಕಲಿಯುವ ಆಸೆ ಎಲ್ಲ ಊರಿನ ಮಕ್ಕಳಿಗೂ ಇರುತ್ತದೆ. ನಮ್ಮಲ್ಲಿ ಚಿತ್ರಮಂದಿರದ ಹೊರಗೆ ಮಾರುತ್ತಿದ್ದ ತೆಳ್ಳನೆಯ ಹಾಡಿನ ಪುಸ್ತಕಗಳನ್ನು ಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಆಸೆಯನ್ನು ‘ಸ್ಮ್ಯಾಶ್ ಹಿಟ್ಸ್’ ಹೊಳೆಯುವ ಕಾಗದದ ಮೇಲೆ, ಗೋಡೆಗೆ ಅಂಟಿಸಬಹುದಾದ ಚಿತ್ರದೊಂದಿಗೆ ಪೂರೈಸಿತು.

ನಡುಪುಟದ ಪೋಸ್ಟರಿನ ವಿಷಯವನ್ನು ನಾನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಅದರಲ್ಲಿ ನಮ್ಮ ಕಸುಬಿನ ಒಂದು ಸೂಕ್ಷ್ಮವಿದೆ. ಪುಟಗಳನ್ನು ಮಡಿಸಿ ಬೆನ್ನಿಗೆ ಎರಡು ಪಿನ್ ಹೊಡೆದು ಮಾಡಿದ ಪತ್ರಿಕೆಯಲ್ಲಿ ಸರಿಯಾಗಿ ಮಧ್ಯದ ಹಾಳೆಯೊಂದು ಮಾತ್ರ ಎಡಬಲ ಎರಡೂ ಪುಟ ಸೇರಿದ ಒಂದೇ ತುಂಡಾಗಿರುತ್ತದೆ. ಬೇರೆಲ್ಲಿ ಎರಡು ಪುಟಕ್ಕೆ ಹಬ್ಬಿಸಿ ಚಿತ್ರ ಹಾಕಿದರೂ ಅದು ಎರಡು ಹಾಳೆಗಳಾಗಿ ಸೀಳುತ್ತದೆ, ಮುದ್ರಣದಲ್ಲಿ ಒಂದೆರಡು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೆ ಮೂಗು ಒಂದು ಕಡೆ, ಬಾಯಿ ಒಂದು ಕಡೆ ಆಗುತ್ತದೆ. ಆ ಒಂದೇ ಒಂದು ಅಖಂಡ ಹಾಳೆಯನ್ನು ಜಾಹೀರಾತಿಗೆ ಮಾರದೆ ಓದುವ ಹುಡುಗಿಯ ಗೋಡೆಗೆ ಬಿಟ್ಟುಕೊಡುವುದು ವಿನ್ಯಾಸದ ತೀರ್ಮಾನವೂ ಹೌದು, ವ್ಯಾಪಾರದ ತೀರ್ಮಾನವೂ ಹೌದು. ಉಗುರಿನಿಂದ ಪಿನ್ನನ್ನು ಎಬ್ಬಿಸಿ, ಹಾಳೆಯನ್ನು ಹರಿಯದಂತೆ ಎತ್ತಿ, ಪಿನ್ನನ್ನು ಮತ್ತೆ ಮಡಚಿದಾಗ ಪತ್ರಿಕೆ ಓದುವ ವಸ್ತುವಾಗಿ ಉಳಿಯುತ್ತದೆ, ಪೋಸ್ಟರು ಕೋಣೆ ಸೇರುತ್ತದೆ. ಅಲ್ಲಿಗೆ ಬಂದ ಗೆಳತಿಯರೆಲ್ಲ ಅದನ್ನು ನೋಡುತ್ತಾರೆ.

ಇನ್ನೊಂದು ಸಣ್ಣ ಸಂಗತಿ ನನಗೆ ತುಂಬ ಹಿಡಿಸಿತು. ಓದುಗರ ಪತ್ರಗಳಿಗೆ ಸಂಪಾದಕರು ಕೊಡುವ ಉತ್ತರವನ್ನು ದಪ್ಪ ಕಪ್ಪು ಅಕ್ಷರದಲ್ಲಿ ಹಾಕುವುದು ಹಲವು ಪತ್ರಿಕೆಗಳ ರೂಢಿ. ‘ಸ್ಮ್ಯಾಶ್ ಹಿಟ್ಸ್’ನಲ್ಲಿ ಆ ದಪ್ಪ ಅಕ್ಷರವೇ ‘ಬ್ಲ್ಯಾಕ್ ಟೈಪ್’ ಎಂಬ ಹೆಸರಿನ ಒಂದು ವ್ಯಕ್ತಿಯಾಗಿಬಿಟ್ಟಿತು. ಮಕ್ಕಳು ‘ಪ್ರಿಯ ಬ್ಲ್ಯಾಕ್ ಟೈಪ್’ ಎಂದು ಸಂಬೋಧಿಸಿ ಕಾಗದ ಬರೆಯುತ್ತಿದ್ದರು. ಅಕ್ಷರದ ದಪ್ಪವೊಂದಕ್ಕೆ ಇಷ್ಟು ಜೀವ ಬಂದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

‘ಕೆರಾಂಗ್!’ನ ಪೆಟ್ಟಿಗೆ ತೆರೆದರೆ ಕೋಣೆಯ ಬೆಳಕೇ ಬದಲಾದಂತಾಗುತ್ತದೆ. 1981ರ ಜೂನ್‌ನಲ್ಲಿ ‘ಸೌಂಡ್ಸ್’ ವಾರಪತ್ರಿಕೆಯ ಒಂದು ವಿಶೇಷ ಪುರವಣಿಯಾಗಿ ಇದು ಹೊರಬಂತು, ಮುಖಪುಟದಲ್ಲಿ ಎಸಿ/ಡಿಸಿ ಎಂಬ ಹಾರ್ಡ್ ರಾಕ್ ತಂಡದ ಗಿಟಾರ್ ವಾದಕ ಆ್ಯಂಗಸ್ ಯಂಗ್. ಓದುಗರು ಕೈಬಿಡದೆ ಇದ್ದುದರಿಂದ ಸ್ವತಂತ್ರ ಪತ್ರಿಕೆಯಾಗಿ, 1987ರಲ್ಲಿ ವಾರಪತ್ರಿಕೆಯೂ ಆಯಿತು. ಹೆಸರೇ ಒಂದು ಸದ್ದು: ಎಲೆಕ್ಟ್ರಿಕ್ ಗಿಟಾರಿನ ತಂತಿಗಳನ್ನು ಒಮ್ಮೆಲೇ ಬಲವಾಗಿ ಮೀಟಿದಾಗ ಬರುವ ನಾದದ ಅನುಕರಣೆ. ನಮ್ಮ ವ್ಯಾಕರಣದಲ್ಲಿ ಅನುಕರಣಾವ್ಯಯ ಎಂದು ಕರೆಯುವ ‘ಢಣಢಣ’, ‘ಝಣಝಣ’ಗಳ ಜಾತಿಗೆ ಸೇರಿದ ಪದ. ದನಿಯಿಲ್ಲದ ಕಾಗದದ ಕಷ್ಟಕ್ಕೆ ಇದಕ್ಕಿಂತ ನೇರವಾದ ಪರಿಹಾರ ನನಗೆ ಹೊಳೆಯದು. ಅಂಗಡಿಯಲ್ಲಿ ಹೆಸರು ಹೇಳಿ ಕೇಳಿದರೆ ಸಾಕು, ಹುಡುಗ ಗಿಟಾರು ಬಾರಿಸಿದಂತೆಯೇ. ಆ ಹೆಸರಿನ ಅಕ್ಷರಗಳನ್ನು ಕಲ್ಲೇಟು ಬಿದ್ದ ಗಾಜಿನಂತೆ ಬಿರುಕು ಬಿಡಿಸಿ ಬರೆದ ರೂಪವೇ ಮುಂದೆ ಪತ್ರಿಕೆಯ ಗುರುತಾಗಿ ನಿಂತಿತು.

ಇಲ್ಲಿ ಬಿಡುವೆಂಬುದೇ ಇಲ್ಲ. ಕಪ್ಪು ಹಿನ್ನೆಲೆ, ಅದರ ಮೇಲೆ ಕೆಂಪು, ಹಳದಿ, ಬಿಳಿ. ಮಧ್ಯದಲ್ಲಿ ಬಾಯಿ ತೆರೆದ ಗಾಯಕ, ಸುತ್ತ ಸಣ್ಣ ಸಣ್ಣ ಚಿತ್ರಗಳು, ಅಂಚಿನಲ್ಲಿ ಹತ್ತಾರು ತಂಡಗಳ ಹೆಸರುಗಳ ಸಾಲು. ಕಸುಬಿನ ಹೊಸಬರು ಇದನ್ನು ಗಜಿಬಿಜಿ ಎಂದು ತಳ್ಳಿಹಾಕುವುದನ್ನು ಕೇಳಿದ್ದೇನೆ, ಅದು ಸರಿಯಲ್ಲ. ಸ್ಪೀಕರುಗಳ ಎದುರು ಜನರ ನೂಕಿನಲ್ಲಿ ನಿಂತು ಕೇಳುವ ಸಂಗೀತ ಅದು, ಆ ನೂಕೇ ಮುಖಪುಟದ ಮೇಲೂ ಇದೆ. ಹೆಸರುಗಳ ಸಾಲಿಗೂ ಲೆಕ್ಕವಿದೆ. ಶಾಲೆಯಲ್ಲಿ ಯಾರಿಗೂ ಗೊತ್ತಿಲ್ಲದ ತಂಡವೊಂದನ್ನು ಮೆಚ್ಚಿಕೊಂಡ ಹುಡುಗ ಆ ಹೆಸರನ್ನು ಅಂಚಿನಲ್ಲಿ ಕಂಡೊಡನೆ ಕೈ ಚಾಚುತ್ತಾನೆ. ಎಷ್ಟೋ ಸಂಚಿಕೆಗಳಲ್ಲಿ ಗಾಯಕನ ತಲೆ ಪತ್ರಿಕೆಯ ಹೆಸರಿನ ಎರಡು ಮೂರು ಅಕ್ಷರಗಳನ್ನು ಮುಚ್ಚಿದೆ. ಬೇಕಾದವರು ಉಳಿದ ಅಕ್ಷರಗಳಿಂದಲೇ ಗುರುತು ಹಿಡಿಯುತ್ತಾರೆ ಎಂಬ ವಿಶ್ವಾಸ ಪತ್ರಿಕೆಗೆ ಬಂದಿದೆ ಎಂದು ಅದರರ್ಥ.

ಮಾವನ ‘ಕ್ಯೂ’ಗೆ ಬಂದಾಗ ನನಗೆ ನಿಜವಾಗಿ ಕುತೂಹಲ ಹೆಚ್ಚಿತು, ಏಕೆಂದರೆ 1986ರ ಅಕ್ಟೋಬರಿನಲ್ಲಿ ಅದನ್ನು ಹೊರತಂದ ಡೇವಿಡ್ ಹೆಪ್‌ವರ್ತ್ ಮತ್ತು ಮಾರ್ಕ್ ಎಲೆನ್ ಇಬ್ಬರೂ ಅದಕ್ಕೆ ಮೊದಲು ‘ಸ್ಮ್ಯಾಶ್ ಹಿಟ್ಸ್’ನ ಸಂಪಾದಕರಾಗಿದ್ದವರು. ಪ್ರಕಾಶಕರೂ ‘ಸ್ಮ್ಯಾಶ್ ಹಿಟ್ಸ್’ನವರೇ, ಈಮ್ಯಾಪ್ ಸಂಸ್ಥೆ. ಕೈ ಅದೇ, ಆದರೆ ಬಳೆಯಂಗಡಿಯ ಬಣ್ಣಗಳಲ್ಲಿ ಒಂದೂ ಇಲ್ಲಿಗೆ ಬಂದಿಲ್ಲ. ಕೆಂಪು ಚೌಕದೊಳಗೆ ಬಿಳಿಯ ಒಂದೇ ಒಂದು ಅಕ್ಷರ, Q. ಧ್ವನಿಮುದ್ರಿಕೆಯನ್ನು ನುಡಿಸಲು ಅಣಿಗೊಳಿಸುವ ಕ್ರಿಯೆಗೆ ಇಂಗ್ಲಿಷಿನಲ್ಲಿರುವ ‘ಕ್ಯೂ’ (Cue) ಎಂಬ ಮೂರಕ್ಷರದ ಪದವನ್ನೇ ಇಡಬೇಕೆಂದಿದ್ದರಂತೆ, ಆದರೆ ಸ್ನೂಕರ್ ಆಟದ ಕೋಲಿಗೂ ಅದೇ ಪದವಿರುವುದರಿಂದ ಜನ ಇದನ್ನು ಸ್ನೂಕರ್ ಪತ್ರಿಕೆ ಎಂದುಕೊಂಡಾರೆಂದು ಬಿಟ್ಟು, ಅದೇ ಉಚ್ಚಾರದ ಒಂಟಿ ಅಕ್ಷರವನ್ನು ಹಿಡಿದರು. ಒಂಟಿ ಅಕ್ಷರವನ್ನು ಎಷ್ಟು ದೊಡ್ಡದಾಗಿಯಾದರೂ ಹಾಕಬಹುದು. ನಾನು ಮೇಲೆ ಹೇಳಿದ ಕಪಾಟಿನ ಎಡಪಟ್ಟಿಯಲ್ಲಿ ಅದು ಇಡಿಯಾಗಿ ಹಿಡಿಸುತ್ತದೆ. ಉಳಿದೆರಡು ಪತ್ರಿಕೆಗಳ ಹೆಸರಿಗೆ ಈ ಅನುಕೂಲ ಇರಲಿಲ್ಲ.

ಮೊದಲ ಸಂಚಿಕೆಯ ಮುಖಪುಟದಲ್ಲಿ ಬೀಟಲ್ಸ್ ತಂಡದಲ್ಲಿದ್ದ ಪಾಲ್ ಮೆಕಾರ್ಟ್ನಿ ಇದ್ದಾರೆ. ಅವರಿಗಾಗ 44 ವರ್ಷ, ಮಾವನಿಗೆ 43. ಯುವಕರ ವಾರಪತ್ರಿಕೆಗಳು ಈ ವಯಸ್ಸಿನ ಕೇಳುಗರನ್ನು ಹೆಚ್ಚುಕಡಿಮೆ ಮರೆತೇಬಿಟ್ಟಿದ್ದವು. ಆದರೆ ಆಗತಾನೇ ಬಂದಿದ್ದ ಸಿ.ಡಿ.ಗಳನ್ನು ಕೊಳ್ಳುವ ಶಕ್ತಿಯಿದ್ದುದು ಅವರಿಗೇ. ತರುಣರಾಗಿದ್ದಾಗ ಎಲ್‌ಪಿಯಲ್ಲಿ ಕೊಂಡಿದ್ದ ಸಂಗೀತವನ್ನೇ ಅವರು ಮತ್ತೊಮ್ಮೆ ಸಿ.ಡಿ.ಯಲ್ಲಿ ಕೊಳ್ಳುತ್ತಿದ್ದರು. ಹೊಸದಾಗಿ ಬಂದದ್ದು, ಮರುಮುದ್ರಣವಾದದ್ದು, ಎಲ್ಲದರಲ್ಲಿ ಯಾವುದಕ್ಕೆ ದುಡ್ಡು ಹಾಕಬೇಕು ಎಂಬುದು ಅವರ ಪ್ರಶ್ನೆ. ‘ಕ್ಯೂ’ ಹೆಸರಿನ ಜೊತೆಗೇ ‘ಸಂಗೀತಕ್ಕೂ ಮತ್ತಷ್ಟಕ್ಕೂ ಆಧುನಿಕ ಮಾರ್ಗದರ್ಶಿ’ ಎಂಬರ್ಥದ ಸಾಲನ್ನು ಹಾಕಿಕೊಂಡಿತ್ತು. ಪುಟಗಳೂ ಹಾಗೆಯೇ ಇವೆ: ಒಳ್ಳೆಯ ಕಾಗದ, ಬಿಡುವಾದ ಅಂಚು, ಸ್ಟುಡಿಯೋ ಬೆಳಕಿನಲ್ಲಿ ತೆಗೆದ ಶಾಂತವಾದ ಭಾವಚಿತ್ರ, ಉದ್ದನೆಯ ಸಂದರ್ಶನ, ಕೊನೆಯಲ್ಲಿ ವಿಮರ್ಶೆಗಳ ದೊಡ್ಡ ವಿಭಾಗ. ಪ್ರತಿ ವಿಮರ್ಶೆಗೂ ಐದರಲ್ಲಿ ಇಷ್ಟು ಎಂದು ನಕ್ಷತ್ರಗಳು. ಆಸ್ಪತ್ರೆಯ ಕೆಲಸ ಮುಗಿಸಿ ಶನಿವಾರ ಮಧ್ಯಾಹ್ನ ಅಂಗಡಿಗೆ ಹೋಗುವ ವೈದ್ಯನಿಗೆ ಹದಿನೈದು ನಿಮಿಷ ಸಿಕ್ಕರೆ ಹೆಚ್ಚು. ಆ ನಕ್ಷತ್ರಗಳ ಮೇಲೆ ಕಣ್ಣಾಡಿಸಿದರೆ ಏನು ಕೊಳ್ಳಬೇಕೆಂಬುದು ತೀರ್ಮಾನವಾಗುತ್ತದೆ, ಉಳಿದದ್ದನ್ನು ರಾತ್ರಿ ಓದಬಹುದು.

ಸಂಗೀತವನ್ನು ಹೀಗೆ ಗಂಭೀರವಾಗಿ ನೋಡುವ ದಾರಿಯನ್ನು ಮೊದಲೇ ತೋರಿಸಿದ್ದು ಅಮೆರಿಕದ ‘ರೋಲಿಂಗ್ ಸ್ಟೋನ್’ ಎನ್ನಬೇಕು. 1967ರ ನವೆಂಬರ್ 9ರ ದಿನಾಂಕ ಹೊತ್ತ ಅದರ ಮೊದಲ ಸಂಚಿಕೆ ಸ್ಯಾನ್‌ಫ್ರಾನ್ಸಿಸ್ಕೋದಿಂದ ಹೊರಟಾಗ ಹೆಸರನ್ನು ಬರೆದವರು ಸಂಗೀತ ಕಛೇರಿಗಳ ಪೋಸ್ಟರು ಬರೆಯುತ್ತಿದ್ದ ರಿಕ್ ಗ್ರಿಫಿನ್. ಬಳ್ಳಿಯಂತೆ ಬಳುಕುವ ಆ ಅಕ್ಷರಗಳು ಅಂದಿನ ತರುಣರಿಗೆ ಒಂದೇ ನೋಟಕ್ಕೆ ತಮ್ಮವೆನಿಸುತ್ತಿದ್ದವು. ಆದರೆ ಅದರ ಕೆಳಗಿನ ಪುಟ ಹಿರಿಯರ ದಿನಪತ್ರಿಕೆಯಷ್ಟೇ ಗಂಭೀರ: ಅಚ್ಚುಕಟ್ಟಾದ ಕಾಲಂಗಳು, ಸುತ್ತ ದಪ್ಪ ಮತ್ತು ಸಪುರ ಗೆರೆಗಳ ಜೋಡಿ ಅಂಚು. ನೀವು ಕೇಳುವ ಸಂಗೀತ ಸುದ್ದಿಯಾಗಲು ಯೋಗ್ಯ ಎಂದು ಆ ಜೋಡಿ ಗೆರೆ ಹೇಳುತ್ತಿತ್ತು. ಇದೇ ಪತ್ರಿಕೆ 1981ರ ಜನವರಿ 22ರ ಸಂಚಿಕೆಯಲ್ಲಿ, ಬೀಟಲ್ಸ್‌ನ ಜಾನ್ ಲೆನನ್ ಹತ್ಯೆಯಾಗುವ ಕೆಲವೇ ಗಂಟೆ ಮೊದಲು ಛಾಯಾಗ್ರಾಹಕಿ ಆ್ಯನಿ ಲೀಬೊವಿಟ್ಸ್ ತೆಗೆದಿದ್ದ, ಅವರ ಮತ್ತು ಪತ್ನಿ ಯೋಕೊ ಒನೊ ಅವರ ಚಿತ್ರವನ್ನು ಯಾವ ತಲೆಬರಹವೂ ಇಲ್ಲದೆ ಮುಖಪುಟಕ್ಕೆ ಹಾಕಿತು. ಓದುಗರು ಯಾರೆಂದು ಖಚಿತವಾಗಿ ತಿಳಿದ ಪತ್ರಿಕೆ ಮಾತ್ರ ಹಾಗೆ ಮೌನವಾಗಿರಬಲ್ಲದು.

ಓದುಗರನ್ನು ಕರೆಯುವ ಭರದಲ್ಲಿ ಓದನ್ನೇ ಕೈಬಿಟ್ಟ ಉದಾಹರಣೆಯೂ ಇದೆ. 1992ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ‘ರೇ ಗನ್’ ಸಂಗೀತ ಪತ್ರಿಕೆಗೆ ವಿನ್ಯಾಸ ಮಾಡುತ್ತಿದ್ದ ಡೇವಿಡ್ ಕಾರ್ಸನ್, ಅಲೆ ಸವಾರಿ (ಸರ್ಫಿಂಗ್) ಮಾಡುತ್ತ, ಶಾಲೆಯಲ್ಲಿ ಸಮಾಜಶಾಸ್ತ್ರ ಕಲಿಸುತ್ತ ಇದ್ದು ಈ ಕಸುಬಿಗೆ ಬಂದವರು. ಕಾಲಂಗಳು ಒಂದರ ಮೇಲೊಂದು ಹತ್ತುತ್ತಿದ್ದವು, ಸಾಲುಗಳು ಪುಟದ ಅಂಚಿನಾಚೆ ಜಾರುತ್ತಿದ್ದವು. 1994ರಲ್ಲಿ ಗಾಯಕ ಬ್ರಯನ್ ಫೆರಿ ಅವರ ಸಂದರ್ಶನ ಸಪ್ಪೆಯಾಗಿದೆ ಎನ್ನಿಸಿದ್ದರಿಂದ ಅದನ್ನು ಇಡಿಯಾಗಿ ಜ್ಯಾಪ್ ಡಿಂಗ್‌ಬ್ಯಾಟ್ಸ್ ಫಾಂಟಿನಲ್ಲಿ, ಅಂದರೆ ಅಕ್ಷರಗಳೇ ಇಲ್ಲದ, ನಕ್ಷತ್ರ ಬಾಣ ಹೂಗಳ ಚಿಹ್ನೆಗಳಲ್ಲಿ ಜೋಡಿಸಿಬಿಟ್ಟರು. ಓದುವಂಥ ಪ್ರತಿಯನ್ನು ಅದೇ ಸಂಚಿಕೆಯ ಹಿಂಭಾಗದಲ್ಲಿ ಕೊಟ್ಟರು. ಗ್ರಂಜ್ ಎಂಬ ರಾಕ್ ಸಂಗೀತದ ಒರಟು ದನಿಯನ್ನು ಕಾಗದಕ್ಕೆ ತಂದ ಅವರ ಪ್ರತಿಭೆಯನ್ನು ನಾನು ಮೆಚ್ಚುತ್ತೇನೆ, ಆ ಪುಟಗಳನ್ನು ಕಂಡೇ ಎಷ್ಟೋ ತರುಣರು ವಿನ್ಯಾಸಕಾರರಾದರು. ಆದರೂ ಕಲಾವಿದ ಹೇಳಿದ ಮಾತು ಸಪ್ಪೆಯೆಂದು ತೀರ್ಮಾನಿಸುವ ಹಕ್ಕು ಓದುಗನದು ಎಂದೇ ನನ್ನ ನಂಬಿಕೆ.

ಈ ನಂಬಿಕೆಗೆ ನನ್ನದೇ ಒಂದು ತಪ್ಪು ಕಾರಣ. ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಸಂಗೀತ ಸಭೆಯ ರಾಮನವಮಿ ಸ್ಮರಣ ಸಂಚಿಕೆಯನ್ನು ನಾನು ರೂಪಿಸಿದೆ. ಬೂದು ಬಣ್ಣದ ಸಪುರ ಅಕ್ಷರ, ಒಂಬತ್ತು ಪಾಯಿಂಟ್ ಗಾತ್ರ, ಸುತ್ತ ಧಾರಾಳವಾದ ಬಿಳಿ ಜಾಗ. ನನ್ನ ಕಣ್ಣಿಗೆ ಚೆನ್ನಾಗಿತ್ತು. ಕಛೇರಿ ಶುರುವಾಗುವ ಮುನ್ನ ಮೊದಲ ಸಾಲಿನಲ್ಲಿ ಕುಳಿತಿದ್ದ ಹಿರಿಯ ರಸಿಕರೊಬ್ಬರು ಪುಸ್ತಕವನ್ನು ಕಣ್ಣಿನ ಹತ್ತಿರಕ್ಕೆ ತಂದು, ದೂರಕ್ಕೆ ಹಿಡಿದು, ಕೊನೆಗೆ ಪಕ್ಕದಲ್ಲಿದ್ದ ಮೊಮ್ಮಗಳಿಗೆ ಕೊಟ್ಟು, ‘ಎರಡನೇ ಕೃತಿ ಯಾವ ರಾಗ ಅಂತ ಹಾಕಿದಾರೆ ನೋಡಮ್ಮ’ ಎಂದದ್ದನ್ನು ನಾನು ಹಿಂದಿನ ಸಾಲಿನಿಂದ ನೋಡಿದೆ. ಪೆಂಡಾಲಿನ ಮಂದ ಬೆಳಕು, ಎಪ್ಪತ್ತು ದಾಟಿದ ಕಣ್ಣು, ಹಾಡು ಶುರುವಾಗುವ ಮೊದಲು ರಾಗ ತಾಳ ತಿಳಿದುಕೊಳ್ಳುವ ಆತುರ, ಈ ಯಾವುದನ್ನೂ ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮರುವರ್ಷ ಕೃತಿಯ ಹೆಸರನ್ನು ಹದಿನಾಲ್ಕು ಪಾಯಿಂಟ್ ಕಪ್ಪಕ್ಷರದಲ್ಲಿ, ರಾಗ ತಾಳಗಳನ್ನು ಅದರ ಎದುರಿಗೇ ಒಂದೇ ಸಾಲಿನಲ್ಲಿ ಬರುವಂತೆ ಹಾಕಿದೆ. ‘ಕ್ಯೂ’ನ ನಕ್ಷತ್ರಗಳು ನನಗೆ ಅಷ್ಟು ಬೇಗ ಅರ್ಥವಾದದ್ದು ಆ ಸಂಜೆಯಿಂದಾಗಿ.

‘ಸ್ಮ್ಯಾಶ್ ಹಿಟ್ಸ್’ 2006ರಲ್ಲಿ ನಿಂತಿತು, ‘ಕ್ಯೂ’ 2020ರ ಜುಲೈನಲ್ಲಿ. ‘ಕೆರಾಂಗ್!’ ಇನ್ನೂ ಬಾಳುತ್ತಿದೆ. ಈಗ ಮುಖಪುಟದ ಜಾಗದಲ್ಲಿ ಫೋನಿನ ತೆರೆಯ ಮೇಲೆ ಹೆಬ್ಬೆರಳ ಉಗುರಿನಷ್ಟು ಚೌಕವಿದೆ, ಅದರಲ್ಲಿ ಹಿಡಿಸುವುದು ಒಂದು ಮುಖ, ಒಂದು ಬಣ್ಣ, ಹೆಚ್ಚೆಂದರೆ ಒಂದು ಅಕ್ಷರ. 1986ರಲ್ಲಿ ಒಂಟಿ ಅಕ್ಷರ ಆರಿಸಿದವರು ಇದನ್ನು ಊಹಿಸಿಯೂ ಇರಲಾರರು.

ಮೂರೂ ಪೆಟ್ಟಿಗೆಗಳನ್ನು ಮತ್ತೆ ಜೋಡಿಸುವಾಗ ಪ್ರತಿಗಳ ಮೇಲೆ ಉಳಿದ ಗುರುತುಗಳನ್ನು ನೋಡಿದೆ. ಮಾವನ ‘ಕ್ಯೂ’ಗಳಲ್ಲಿ ಒಂದು ಪುಟವೂ ಹರಿದಿಲ್ಲ, ವಿಮರ್ಶೆಯ ಪುಟಗಳಲ್ಲಿ ಮಾತ್ರ ಅಲ್ಲಲ್ಲಿ ಪೆನ್ಸಿಲಿನ ಸಣ್ಣ ಅಡ್ಡಗೆರೆಗಳಿವೆ. ಮಗನ ‘ಕೆರಾಂಗ್!’ಗಳ ಅಂಚಿನಲ್ಲಿ ತಂಡಗಳ ಹೆಸರುಗಳನ್ನು ಅವುಗಳದೇ ಚೂಪು ಅಕ್ಷರಗಳಲ್ಲಿ ಬಾಲ್‌ಪೆನ್ನಿನಿಂದ ಮತ್ತೆ ಮತ್ತೆ ತಿದ್ದಿದ್ದಾನೆ. ಮಗಳ ‘ಸ್ಮ್ಯಾಶ್ ಹಿಟ್ಸ್’ಗಳಲ್ಲಿ ಹೆಚ್ಚಿನವುಗಳಿಗೆ ನಡುಪುಟವೇ ಇಲ್ಲ, ಪಿನ್ನುಗಳನ್ನು ಎಬ್ಬಿಸಿ ಮತ್ತೆ ಮಡಚಿದ ಗುರುತು ಇದೆ. ಆ ಪೋಸ್ಟರುಗಳು ಎಲ್ಲಿ ಹೋದವು ಎಂದು ಅತ್ತೆಯನ್ನು ಕೇಳಿದೆ. ‘ಅವಳ ಕೋಣೆ ಗೋಡೆ ಮೇಲಿದ್ದವು ಕಣಪ್ಪ, ಮನೆ ಮಾರುವಾಗ ತೆಗೆದರೆ ಅಂಟು ಹಾಗೇ ಕೂತಿತ್ತು, ಆ ಒಂದು ಕೋಣೆಗೆ ಎರಡು ಸಲ ಬಣ್ಣ ಹೊಡೆಸಬೇಕಾಯಿತು’ ಎಂದರು.